ಹುತ್ತದ ಅಡಿಯ ಜಾಲರಿ

ಸಾಲಗಾಮೆಯ ಸುತ್ತ ನಾನು ಕಟ್ಟಿದ ಕೊಟ್ಟಿಗೆಗಳು ಏನಿಲ್ಲವೆಂದರೂ ನಲವತ್ತಿವೆ. ಒಂದರ ಗೋಡೆಯೂ ಬಿರುಕು ಬಿಟ್ಟಿಲ್ಲ. ಆ ಜಂಬದಲ್ಲೇ ಉಡಗಳಿಗೂ ಮನೆ ಕಟ್ಟಿಕೊಡಲು ಒಪ್ಪಿಕೊಂಡೆ.

ಕಟ್ಟಿಸಿದವರು ಹೊಳೆನರಸೀಪುರದ ಪಶುವೈದ್ಯೆ ಗೌತಮಿ. ಅರಣ್ಯ ಇಲಾಖೆಯ ಒಪ್ಪಿಗೆ ಪಡೆದು ನಮ್ಮೂರ ಹೊರಗೆ ಪ್ರಾಣಿಗಳ ಆರೈಕೆ ಕೇಂದ್ರ ನಡೆಸುತ್ತಾರೆ. ಯಾರೋ ಪುಣ್ಯಾತ್ಮರು ಕಾನೂನು ಗೀನೂನು ನೋಡದೆ ಮೂರು ಉಡಗಳನ್ನು ಮರಿಯಿಂದ ಮನೆಯಲ್ಲಿ ಸಾಕಿ ಸಿಕ್ಕಿಬಿದ್ದಿದ್ದರು. ಆ ಮೂರೂ ಇವರ ಪಾಲಿಗೆ ಬಂದಿದ್ದವು.

"ಇವಕ್ಕೆ ಮನುಷ್ಯರ ಭಯಾನೇ ಇಲ್ಲ, ನಂಜುಂಡೇಶಣ್ಣ. ಆಚೆ ಹೋದ್ರೆ ತಾವಾಗಿಯೇ ಜನರ ಹತ್ತಿರ ಹೋಗ್ತವೆ. ಹೊಡೆದು ಹಾಕ್ತಾರೆ" ಎಂದು ಅವರು ಮೊದಲ ದಿನವೇ ಹೇಳಿದ್ದರು.

ನಲವತ್ತಡಿ ಉದ್ದ, ಮೂವತ್ತಡಿ ಅಗಲ. ಉಗುರು ನಾಟದಂತೆ ಗೋಡೆಯ ಒಳಮೈಗೆ ತಗಡು. ಉಡ ನೆಲ ತೋಡಿ ಪಾರಾಗುವುದರಲ್ಲಿ ಗಟ್ಟಿ ಪ್ರಾಣಿ, ಆದ್ದರಿಂದ ಮೂರಡಿ ಅಗೆದು ಕಬ್ಬಿಣದ ಜಾಲರಿ ಹಾಸಿ ಮತ್ತೆ ಮಣ್ಣು ತುಂಬಬೇಕಿತ್ತು. ಮೂಲೆಯಲ್ಲಿ ಸೊಂಟದೆತ್ತರದ ಹುತ್ತವೊಂದಿತ್ತು. ಅದು ಇರಲಿ, ಪಕ್ಕದಿಂದ ತೋಡಿ ಅದರ ಅಡಿಗೂ ಜಾಲರಿ ತೂರಿಸಿ ಎಂದಿದ್ದರು ಗೌತಮಿ. ಅಲ್ಲಿಗೆ ಬಂದಾಗ ಮಣ್ಣು ಕೆಲಸದ ರಂಗಣ್ಣ ಗುದ್ದಲಿ ಕೆಳಗಿಟ್ಟ.

"ನಾನಂತೂ ಉತ್ತದ ಬುಡಕ್ಕೆ ಗುದ್ದಲಿ ಆಕಾಕಿಲ್ಲ ಕಣಣ್ಣ. ಬೇಕಾದ್ರೆ ನೀನೇ ಅಗಿ."

ನಾನೂ ಅಗೆಯಲಿಲ್ಲ. ನಾಗರಚೌತಿಗೆ ಹುತ್ತಕ್ಕೆ ಹಾಲಿನ ತನಿ ಎರೆಯುವ ಅವ್ವನ ಸೆರಗು ಹಿಡಿದು ಬೆಳೆದವನು ನಾನು, ನನ್ನ ಕೈ ಏಳಲಿಲ್ಲ. ಹುತ್ತದ ಅಂಚಿನವರೆಗೆ ಮಾತ್ರ ಜಾಲರಿ ಹಾಸಿ ಮಣ್ಣು ಮುಚ್ಚಿಬಿಟ್ಟೆವು. ಎಲ್ಲ ಕಡೆ ಹಾಕಿದಿರಾ ಎಂದು ಗೌತಮಿ ಕೇಳಿದಾಗ ಹೂಂ ಎಂದುಬಿಟ್ಟೆ.

ಉಡಗಳನ್ನು ಒಳಗೆ ಬಿಟ್ಟ ಮರುದಿನ ಬೆಳಿಗ್ಗೆ ನೋಡಿದರೆ ಒಂದೂ ಇಲ್ಲ. ಗೌತಮಿ ತಗಡು ತಡವಿದರು, ಬಾಗಿಲ ಚಿಲಕ ಎಳೆದು ನೋಡಿದರು, ಕೊನೆಗೆ ಆಚೆಯ ರಾಗಿ ಹೊಲದ ಸಾಲು ಸಾಲನ್ನೂ ಹುಡುಕಿದರು. "ಎಲ್ಲೂ ಒಂದು ಸಂದಿ ಇಲ್ಲ. ಹೇಗೆ ಹೋದವು?" ಎಂದು ನನ್ನನ್ನೇ ಕೇಳಿದರು. ಹೊಲದಾಚೆ ಕಳೆ ತೆಗೆಯುವವರ ಮಾತು ಕೇಳಿಸುತ್ತಿತ್ತು. ಅವರ ಕೈಯಲ್ಲಿ ಕುಡುಗೋಲಿತ್ತು.

ಬಿಸಿಲು ಏರಿದ ಮೇಲೆ ಹುತ್ತದ ಬಾಯಲ್ಲಿ ಒಂದು ತಲೆ ಕಂಡಿತು. ಹಿಂದೆಯೇ ಇನ್ನೊಂದು. ಎರಡೂ ಮೈ ಚಾಚಿ ಬಿಸಿಲಿಗೆ ಮಲಗಿದವು. ಮೂರನೆಯದು ಬರಲಿಲ್ಲ. ಸುಮ್ಮನಿದ್ದರೆ ನನ್ನ ಮಾನ ಉಳಿಯಬಹುದಿತ್ತು, ಆದರೆ ಅವರು ಹುಡುಕಬೇಕಾದ ಜಾಗ ತಪ್ಪಿಹೋಗುತ್ತಿತ್ತು.

"ಉತ್ತದ ಅಡೀಲಿ ಜಾಲರಿ ಇಲ್ಲ, ಡಾಕ್ಟ್ರಮ್ಮ. ಸುಳ್ಳೇಳ್ಬುಟ್ಟೆ. ಅಲ್ಲಿಂದ್ಲೇ ತೋಡ್ಕೊಂಡು ಓಗಿರ್ಬೋದು."

ಅವರು ಗೋಡೆಯಾಚೆ ಹೋಗಿ ಹುತ್ತದ ನೇರಕ್ಕೆ ಮಂಡಿಯೂರಿ ನೆಲ ಸವರತೊಡಗಿದರು. ನಾನೂ ಪಕ್ಕದಲ್ಲಿ ಕೂತು ಒಂದೊಂದೇ ಹೆಂಟೆ ಎತ್ತಿ ನೋಡಿದೆ. ಹೊಸ ಮಣ್ಣು ಎಲ್ಲೂ ಇರಲಿಲ್ಲ. ಅಷ್ಟರಲ್ಲಿ ಒಳಗಿನಿಂದ ರಂಗಣ್ಣನ ದನಿ ಬಂತು.

"ಬತ್ತು ಕಣವ್ವ. ಮೂರ್ನೇದೂ ಬತ್ತು."

ಗೌತಮಿ ಮಣ್ಣುಕೈಯಲ್ಲೇ ಮುಖ ಮುಚ್ಚಿಕೊಂಡರು. ನಾನು ಅಲ್ಲೇ ಅತ್ತುಬಿಟ್ಟೆ.

"ಅಗೆಯೋಕೆ ಮನಸ್ಸಿಲ್ಲ ಅಂದಿದ್ರೆ ಗೋಡೇನೇ ಈಚೆಗೆ ತರಿಸ್ತಿದ್ದೆ. ಅಷ್ಟು ಹೇಳೋಕೆ ಏನಾಗಿತ್ತು ನಿಮಗೆ?"

ಉಡಗಳನ್ನು ಬೋನಿಗೆ ಹಾಕಿ, ಹುತ್ತವನ್ನು ಆಚೆ ಬಿಟ್ಟು, ಅವತ್ತೇ ಅಡ್ಡಗೋಡೆ ಎಬ್ಬಿಸಿದೆವು. ಡಾಕ್ಟ್ರಮ್ಮ ಪಕ್ಕದಲ್ಲೇ ನಿಂತು ಸಂಜೆಯವರೆಗೂ ಬೈದರು. ಬೈಸಿಕೊಳ್ಳುವುದು ಇಷ್ಟು ಹಿತವಾಗಿರುತ್ತದೆಂದು ನನಗೆ ಗೊತ್ತಿರಲಿಲ್ಲ.