ತೇಪೆ ಹಚ್ಚಿದ ಶಾಫ್ಟು

ಹತ್ತಿಮತ್ತೂರಿನ ಮಹಾಲಿಂಗಪ್ಪ ಸಾವಕಾರನಿಗೆ ಈ ಭೂಮಿಯ ಮೇಲೆ ಬುದ್ಧಿಯಿದ್ದವರು ಯಾರೂ ಸಿಕ್ಕಿರಲಿಲ್ಲ. ಸಿಗಲಿ ಎಂದು ಅವನು ಹುಡುಕಿಯೂ ಇರಲಿಲ್ಲ. ಸಂತೆಗೆ ಹೋದರೆ ಬದನೆಕಾಯಿ ಮಾರುವವಳು ಕಳ್ಳಿ, ಬಸ್ಸು ಹತ್ತಿದರೆ ಕಂಡಕ್ಟರು ಕಳ್ಳ, ಮಠಕ್ಕೆ ಹೋದರೆ ಬಡಿಸುವವನು ತನ್ನವರ ಎಲೆಗೆ ತುಪ್ಪ ಹೆಚ್ಚು ಬಿಡುವ ಪಕ್ಷಪಾತಿ. ಹುಟ್ಟಿದಾಗಿನಿಂದ ತನ್ನನ್ನು ಮಾತ್ರ ಯಾರೂ ಮೋಸಗೊಳಿಸಿಲ್ಲ ಎಂದು ಅವನು ಮನೆಯ ಮುಂದಿನ ಕಟ್ಟೆಯ ಮೇಲೆ ಕೂತು ಹೇಳುತ್ತಿದ್ದ. ಕೇಳುವವರು ಆಕಳಿಸಿದರೆ, ಪಾಪ, ದಡ್ಡರಿಗೆ ಬೇಗ ನಿದ್ದೆ ಬರುತ್ತದೆ ಎಂದುಕೊಳ್ಳುತ್ತಿದ್ದ.

ಇಂಥವನು ಅರವತ್ತನಾಲ್ಕನೆಯ ಇಸವಿಯಲ್ಲಿ ಒಂದು ಹೊಸ ಪಿಕಪ್ ಗಾಡಿ ಕೊಂಡ. ಕೊಳ್ಳಲು ಕಾರಣ ಎದುರುಮನೆಯ ನಾಗಪ್ಪ. ನಾಗಪ್ಪ ಅವನ ಚಿಕ್ಕಪ್ಪನ ಮಗ, ಅಂದರೆ ದಾಯಾದಿ. ಊರ ತೋಟಗಳ ವೀಳ್ಯದೆಲೆಯೆಲ್ಲ ನಾಗಪ್ಪನ ಚಕ್ಕಡಿಗಳಲ್ಲಿ ಶಿಗ್ಗಾವಿಗೆ ಹೋಗಿ, ಅಲ್ಲಿಂದ ಲಾರಿ ಹತ್ತಿ ಹುಬ್ಬಳ್ಳಿ ಸೇರುತ್ತಿತ್ತು. ಎಲೆ ಒಯ್ಯುವವನೆಂದರೆ ತೋಟದವರು ಎದ್ದು ನಿಂತು ಮಾತಾಡಿಸುತ್ತಾರೆ. ಎತ್ತಿನ ಬಾಲ ತಿರುವುವವನಿಗೆ ಇಷ್ಟು ಮರ್ಯಾದೆಯೇ ಎಂದು ಮಹಾಲಿಂಗಪ್ಪನ ಹೊಟ್ಟೆ ಉರಿಯುತ್ತಿತ್ತು. ಪಿಕಪ್ಪು ಬಂದ ಮೇಲೆ ಸಂಜೆ ಕೊಯ್ದ ಎಲೆ ಬೆಳಗಾಗುವುದರೊಳಗೆ ನೇರವಾಗಿ ಹುಬ್ಬಳ್ಳಿಯಲ್ಲಿ ಇಳಿಯತೊಡಗಿತು. ತೋಟದವರೆಲ್ಲ ಇತ್ತ ಬಂದರು. ನಾಗಪ್ಪನ ಎತ್ತುಗಳು ಕೊಟ್ಟಿಗೆಯಲ್ಲಿ ಮೆಲುಕು ಹಾಕುತ್ತ ನಿಂತವು. ಈಗ ಎದ್ದು ನಿಲ್ಲುವುದು ಮಹಾಲಿಂಗಪ್ಪನಿಗೆ. ಅವನಿಗೆ ಬೇಕಾಗಿದ್ದದ್ದೂ ಅಷ್ಟೇ.

ಗಾಡಿ ನಡೆಸಲು ಸವಣೂರಿನಿಂದ ಮುನಾಫ ಎಂಬ ಡ್ರೈವರನನ್ನು ತಂದಿಟ್ಟುಕೊಂಡಿದ್ದ. ಮೊದಲು ಬಸ್ಸು ಹೊಡೆದವನು, ಮಾತು ಕಡಿಮೆ. ಮಾತು ಕಡಿಮೆ ಇದ್ದದ್ದರಿಂದ ಸಾವಕಾರ ಅವನನ್ನೂ ದಡ್ಡರ ಸಾಲಿಗೆ ಸೇರಿಸಿಬಿಟ್ಟ.

ಮಹಾನವಮಿಯ ಖಂಡೇಪೂಜೆ, ಅಂದರೆ ಆಯುಧಪೂಜೆ, ಬಂತು. ಆ ಮನೆಯಲ್ಲಿ ಚಕ್ಕಡಿಯ ನೊಗಕ್ಕೆ, ಗಾಲಿಗೆ ಮಾತ್ರವಲ್ಲ, ಕೆಳಗಿನ ಅಚ್ಚಿಗೂ ಮೂರು ಬೆರಳು ವಿಭೂತಿ ಎಳೆಯುವ ಪದ್ಧತಿ. ಯಜಮಾನನೇ ಎಳೆಯಬೇಕು. ಪಿಕಪ್ಪಿಗೂ ಹಾಗೆಯೇ ಆಗಬೇಕೆಂದು ಮಹಾಲಿಂಗಪ್ಪ ಹಟ ಹಿಡಿದ. ಆದರೆ ಸಾವಕಾರನಾದವನು ಗಾಡಿಯ ಕೆಳಗೆ ಅಂಗಾತ ಮಲಗುವುದು ಹೇಗೆ? ಅದಕ್ಕೂ ಅವನ ತಲೆ ಓಡಿತು. ಅಂಗಳದಲ್ಲಿ ನೆಲ ತೋಡಿ ಜೋಳ ತುಂಬುವ ಹಗೇವು ಖಾಲಿಯಾಗಿತ್ತು. ಹಿಂದಿನ ದಿನವೇ ಅದರ ಬಾಯಿ ತೆಗೆಸಿ ಒಳಗಿನ ಕಾವು ಹೋಗಲು ಬಿಟ್ಟ. ಪೂಜೆಯ ದಿನ ಮುನಾಫ ಗಾಡಿಯನ್ನು ಹಗೇವಿನ ಮೇಲೆ ತಂದು ನಿಲ್ಲಿಸಿದ. ಸಾವಕಾರ ಒಳಗೆ ಏಣಿಯ ಮೇಲೆ ನಿಂತು, ರುಮಾಲು ಸುತ್ತಿದ ತಲೆಯನ್ನಷ್ಟೇ ಹೊರಗೆ ಹಾಕಿ, ಗಾಡಿಯ ಹೊಟ್ಟೆ ನೋಡುತ್ತ ವಿಭೂತಿ ಎಳೆಯತೊಡಗಿದ. ನೋಡಲು ಬಂದವರಿಗೆ ಗಾಡಿ ಮಾತಾಡಿದಂತೆ ಕೇಳುತ್ತಿತ್ತು.

ಗೇರಿನ ಪೆಟ್ಟಿಗೆಯಿಂದ ಹಿಂದಿನ ಗಾಲಿಗಳಿಗೆ ತಿರುಗುವ ಶಕ್ತಿ ಒಯ್ಯುವ ಉದ್ದನೆಯ ಕೊಳವೆಗೆ ಡ್ರೈವರರು ಶಾಫ್ಟು ಎನ್ನುತ್ತಾರೆ. ಅದೇ ಈ ಗಾಡಿಯ ಅಚ್ಚು ಎಂದು ಸಾವಕಾರ ತಾನೇ ತೀರ್ಮಾನಿಸಿಕೊಂಡಿದ್ದ. ವಿಭೂತಿಯ ಬೆರಳು ಶಾಫ್ಟಿನ ತುದಿಗೆ ಬಂದಾಗ ಏನೋ ತಡೆಯಿತು. ಅಡಿಕೆ ಹೋಳಿನಷ್ಟು ಕಬ್ಬಿಣದ ಚಪ್ಪಟೆ ತುಂಡು. ಮೇಲಿನಿಂದ ಬೆಸೆದು ಅಂಟಿಸಿದ್ದಾರೆ.

ತೇಪೆ ಎಂದು ಅವನಿಗೆ ಆ ಕ್ಷಣವೇ ಗೊತ್ತಾಯಿತು. ಗೊತ್ತಾಗುವುದರಲ್ಲಿ ಅವನು ಯಾವತ್ತೂ ತಡ ಮಾಡಿದವನಲ್ಲ. ಅವನ ಅಪ್ಪ ತೇಪೆ ಹಾಕಿದ ಅಚ್ಚಿನ ಚಕ್ಕಡಿಯನ್ನು ಅಂಗಳಕ್ಕೇ ಬಿಟ್ಟುಕೊಳ್ಳುತ್ತಿರಲಿಲ್ಲ, ಅದು ಮನೆತನಕ್ಕೆ ಕೇಡು ಎಂಬ ನಂಬಿಕೆ. ಈಗ ನೋಡಿದರೆ ಹೊಸದೆಂದು ಹೇಳಿ ಬಿರುಕು ಬಿಟ್ಟ ಶಾಫ್ಟಿಗೆ ತೇಪೆ ಹಚ್ಚಿ, ಕಪ್ಪು ಬಣ್ಣ ಬಳಿದು, ಅವನ ಕೊರಳಿಗೆ ಕಟ್ಟಿದ್ದಾರೆ. ಅದೂ ಅವನ ಕೊರಳಿಗೆ.

ಏಣಿಯ ಮೇಲಿನಿಂದಲೇ ಕಂಬಾರ ಗೋಣೆಪ್ಪನನ್ನು ಕರೆಸಲು ಹೇಳಿದ. ಉಳಿ ಹಿಡಿದು ಆ ತುಂಡನ್ನು ಎಬ್ಬಿಸಬೇಕು, ಕೆಳಗಿನ ಬಿರುಕು ಊರ ಮಂದಿಗೆ ಕಾಣಬೇಕು ಎಂದ. ಮುನಾಫ ಗಾಡಿಯ ಬಾಗಿಲು ಹಿಡಿದು ನಿಂತವನು ಅಂದು ಮೊದಲ ಸಲ ಬಾಯಿ ತೆಗೆದ.

"ಕಂಪನಿಯವ್ರು ಸುಮ್ನ ಹಚ್ಚಿರಂಗಿಲ್ಲ ಬಿಡ್ರಿ ಸಾವಕಾರ್ರ. ಒಂದ್ಸಲ ಕೇಳಿ ನೋಡ್ರಿ."

"ನಿನಗ ಸ್ಟೇರಿಂಗ ಹಿಡಿಯಾಕ ಇಟಗೊಂಡೇನಿ," ಎಂದಿತು ಗಾಡಿಯ ಹೊಟ್ಟೆಯೊಳಗಿನ ದನಿ. "ಶಾಣ್ಯಾತನ ಮಾಡಾಕ ನಾ ಇದ್ದೇನಿ."

ಗೋಣೆಪ್ಪ ಉಳಿ ಹೊಡೆದ, ತುಂಡು ಎದ್ದು ಬಂತು. ಕೆಳಗೆ ಬಿರುಕು ಇರಲಿಲ್ಲ. ಗೀರೂ ಇರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಇಲ್ಲಿ ಒಂದು ಗಳಿಗೆ ನಿಂತು ಯೋಚಿಸುತ್ತಿದ್ದರು. ಮಹಾಲಿಂಗಪ್ಪ ಮಾತ್ರ, ಎಂಥ ಪಾಕಡಾ ಕಳ್ಳರು ನೋಡು, ಬಿರುಕನ್ನೂ ಕಾಣದಂತೆ ಮುಚ್ಚಿದ್ದಾರೆ ಎಂದ. ತೇಪೆಯ ಗುರುತೂ ಮನೆಯಲ್ಲಿರಬಾರದೆಂದು ಆ ಜಾಗವನ್ನು ಅರದಿಂದ ಉಜ್ಜಿಸಿ ನುಣ್ಣಗೆ ಮಾಡಿಸಿದ, ಮೇಲೆ ಬಣ್ಣ ಬಳಿಸಿದ. ತುಂಡನ್ನು ಮಾತ್ರ ಮಡಿಬಟ್ಟೆಯಲ್ಲಿ ಕಟ್ಟಿ ದೇವರ ಜಗಲಿಯ ಮೇಲೆ, ಮೂರ್ತಿಗಳ ಪಕ್ಕದಲ್ಲಿ ಇಟ್ಟ. ಮುಂದೊಂದು ದಿನ ಅದನ್ನು ಆ ಕಳ್ಳರ ಮುಖಕ್ಕೆ ಹಿಡಿಯುವುದಿತ್ತು.

ಮರುದಿನದಿಂದಲೇ ಗಾಡಿ ನಡುಗತೊಡಗಿತು. ನಿಧಾನ ಹೋದರೆ ಏನಿಲ್ಲ. ತುಸು ಜೋರಾಗಿ ಓಡಿಸಿದರೆ ಸಾಕು, ಕಾಲಡಿಯ ತಗಡು ಜುಮುಗುಟ್ಟುತ್ತಿತ್ತು, ಹಲ್ಲಿಗೆ ಹಲ್ಲು ಬಡಿಯುತ್ತಿತ್ತು. ಬರಬರುತ್ತ ಶಾಫ್ಟಿನ ಜಾಯಿಂಟುಗಳೂ ಸಡಿಲಾಗಿ ಕೆಳಗಿನಿಂದ ಕಟಕಟ ಸದ್ದು ಎದ್ದಿತು. ಎಲೆ ಬಲು ನಾಜೂಕಿನ ಮಾಲು. ಬುಟ್ಟಿಯೊಳಗೇ ತಿಕ್ಕಾಡಿ, ಹುಬ್ಬಳ್ಳಿ ಮುಟ್ಟುವಷ್ಟರಲ್ಲಿ ಅಂಚು ಕಪ್ಪಾಗಿರುತ್ತಿತ್ತು. ದಲಾಲರು ಮೂಗು ಮುರಿದರು. ತೋಟದವರು ಒಬ್ಬೊಬ್ಬರೇ ಸದ್ದಿಲ್ಲದೆ ನಾಗಪ್ಪನ ಚಕ್ಕಡಿಗೆ ಬುಟ್ಟಿ ಹೇರತೊಡಗಿದರು. ಸಾವಕಾರ ಮೊದಲು ಮುನಾಫನನ್ನು ಬೈದ, ಕುದುರೆ ಓಡಿಸಿದ ಹಾಗೆ ಓಡಿಸುತ್ತಾನೆ ಎಂದು ಕಟ್ಟೆಯ ಮೇಲೆ ಕೂತು ನಾಲ್ಕು ಮಂದಿಯ ಮುಂದೆ ಅವನ ಹೆಸರು ಕೆಡಿಸಿದ. ಆಮೇಲೆ ರಸ್ತೆಯನ್ನು ಬೈದ. ಉಳಿದವರನ್ನೆಲ್ಲ ಬೈದು ಮುಗಿದ ಮೇಲೆ ಕಂಪನಿಯ ಸರದಿ ಬಂತು.

ಅವನ ದೂರು ಮುಟ್ಟಿದ ಮೇಲೆ ಗಾಡಿ ಮಾರಿದ ಹುಬ್ಬಳ್ಳಿಯ ಅಂಗಡಿಯವರು ಹೇಳಿ ಕಳಿಸಿದರು. ಕಂಪನಿಯ ಸಾಹೇಬ ಶಿಗ್ಗಾವಿಗೆ ಬರುತ್ತಾನೆ, ಸುತ್ತಲಿನ ಹೊಸ ಗಾಡಿಗಳನ್ನೆಲ್ಲ ಅಲ್ಲಿಯೇ ನೋಡುತ್ತಾನೆ. ಗ್ಯಾರಂಟಿ ಇನ್ನೂ ಮುಗಿದಿಲ್ಲ, ಕೆಟ್ಟದ್ದು ಕಂಪನಿಯ ತಪ್ಪಿನಿಂದಾದರೆ ಹೊಸದು ಹಾಕಿ ಕೊಡುತ್ತಾರೆ, ಹೊರಗಿನವರು ಕೈ ಹಾಕಿ ಕೆಡಿಸಿದ್ದರೆ ಕೊಡುವುದಿಲ್ಲ. ದುಡ್ಡು ಕೊಟ್ಟು ತರೋಣವೆಂದರೆ ಆ ಕಾಲದಲ್ಲಿ ಇಂಥ ಸಾಮಾನು ಕಣ್ಣಿಗೆ ಬೀಳುತ್ತಿರಲಿಲ್ಲ. ಬೇಕೆಂದು ಹೇಳಿ ವರ್ಷಗಟ್ಟಲೆ ದಾರಿ ಕಾಯಬೇಕು. ಹೊಸ ಶಾಫ್ಟು ಸಿಕ್ಕರೆ ಊರ ಎಲೆ ತಿರುಗಿ ಮಹಾಲಿಂಗಪ್ಪನದು, ಸಿಗದಿದ್ದರೆ ನಾಗಪ್ಪನದು.

ಮಹಾಲಿಂಗಪ್ಪ ಮಡಿಬಟ್ಟೆಯ ಗಂಟನ್ನು ಜಾಕೀಟಿನ ಕಿಸೆಗೆ ಹಾಕಿಕೊಂಡ. ಅಷ್ಟೇ ಅಲ್ಲ, ನಾಗಪ್ಪನನ್ನೂ ಕರೆದ. ಕಂಪನಿಯ ಸಾಹೇಬ ಹೇಗೆ ಕೈ ಮುಗಿಯುತ್ತಾನೆ ಎಂಬುದನ್ನು ನೋಡಲು ಊರಿನವನೊಬ್ಬ ಬೇಕಲ್ಲ. ನಾಗಪ್ಪನ ಚಕ್ಕಡಿಗಳು ಆ ದಿನ ಎಲೆ ಹೇರಿಕೊಂಡು ಆಗಲೇ ಶಿಗ್ಗಾವಿಗೆ ಹೋಗಿದ್ದವು. ತನಗೂ ಅಲ್ಲಿ ಕೆಲಸವಿದೆ ಎಂದು ಅವನು ಪಿಕಪ್ಪಿನ ಹಿಂದೆ ಹತ್ತಿ ಕೂತ.

ಶಿಗ್ಗಾವಿಯಲ್ಲಿ ಪೆಟ್ರೋಲು ಪಂಪಿನ ಪಕ್ಕದ ಹುಣಸೆಮರದ ನೆರಳಲ್ಲಿ ಸಾಹೇಬನ ದರ್ಬಾರು. ಹಾನಗಲ್ಲಿನ ಅಕ್ಕಿ ಗಿರಣಿಯವನು, ಹಿರೇಕೆರೂರಿನ ಮೆಣಸಿನಕಾಯಿ ವ್ಯಾಪಾರಿ, ಇನ್ನೂ ಕೆಲವರು ತಂತಮ್ಮ ಪಿಕಪ್ಪುಗಳನ್ನು ಸಾಲಾಗಿ ನಿಲ್ಲಿಸಿದ್ದರು. ಸಾಹೇಬ ಮೈಸೂರು ಕಡೆಯವನು. ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ, ಮಿರ್ಚಿ ಭಜಿ ಕಚ್ಚಿ, ಖಾರಕ್ಕೆ ಕಣ್ಣೊರೆಸಿಕೊಳ್ಳುತ್ತ ಕೂತಿದ್ದ. ಇಸ್ತ್ರಿಯ ಪ್ಯಾಂಟಿಗೆ ಮಣ್ಣು ಹತ್ತೀತೆಂದು ಒಂದು ಗಾಡಿಯ ಕೆಳಗೂ ಅವನು ಬಗ್ಗಿ ನೋಡಿರಲಿಲ್ಲ. ಭಜಿಗೆ ಕಣ್ಣೀರು ಹಾಕುವ ಈ ಗಂಡಸು ಇಂಜಿನು ಏನು ತಿಳಿದಾನು ಎಂದು ಮಹಾಲಿಂಗಪ್ಪ ನೋಡಿದ ಕೂಡಲೇ ಅವನನ್ನು ಅಳೆದುಬಿಟ್ಟ. ಅಳತೆ ತಪ್ಪೇನಲ್ಲ. ಸಾಹೇಬ ಸೋಮಾರಿಯೇ.

ಆ ಸೋಮಾರಿತನ ಮಹಾಲಿಂಗಪ್ಪನ ಪಾಲಿಗೆ ದೇವರು ಕೊಟ್ಟ ವರವಾಗಿ ಬಂತು. ಮುನಾಫ ಗಾಡಿಯನ್ನು ರಸ್ತೆಯಲ್ಲಿ ಒಂದು ಸುತ್ತು ಓಡಿಸಿ ತಂದ. ಸಾಹೇಬ ಕೂತಲ್ಲಿಂದಲೇ ಸದ್ದು ಕೇಳಿದ. ಶಾಫ್ಟು ಹೋಗಿದೆ, ನಮ್ಮದೇ ತಪ್ಪಿರಬೇಕು, ಹೊಸದು ಹಾಕಿಬಿಡಿ ಎಂದು ತನ್ನ ಮೇಸ್ತ್ರಿಗೆ ಹೇಳಿ ಇನ್ನೊಂದು ಭಜಿ ಎತ್ತಿಕೊಂಡ. ಮೇಸ್ತ್ರಿ ಕಂಪನಿಯ ವ್ಯಾನಿನಿಂದ ಹೊಸ ಶಾಫ್ಟನ್ನು ಇಳಿಸಿ ಪಿಕಪ್ಪಿನ ಪಕ್ಕ ತಂದಿಟ್ಟ. ಎಣ್ಣೆ ಹಚ್ಚಿ ಕಾಗದ ಸುತ್ತಿದ ಮಾಲು. ಮುನಾಫನ ಮುಖ ಅರಳಿತು. ಕಂಪನಿಯೇ ತಪ್ಪು ಒಪ್ಪಿಕೊಂಡ ಮೇಲೆ ಅವನ ಡ್ರೈವರಿಕೆಯ ಮೇಲಿನ ಕಲೆ ಹೋದಂತೆ. ಅವನೇ ಜಾಕು ಹಚ್ಚಲು ಓಡಿದ.

ಮಹಾಲಿಂಗಪ್ಪ ಬಾಯಿ ಮುಚ್ಚಿಕೊಂಡು ನಿಂತಿದ್ದರೆ ಅರ್ಧ ತಾಸಿನಲ್ಲಿ ಊರಿನ ದಾರಿ ಹಿಡಿಯುತ್ತಿದ್ದ. ಆದರೆ ಅವನಿಗೆ ಇದು ಸಪ್ಪೆಯೆನಿಸಿತು. ಸಾಹೇಬ ಬೆವರಲಿಲ್ಲ, ಕೈ ಮುಗಿಯಲಿಲ್ಲ, ಎದ್ದು ಕೂಡ ನಿಲ್ಲಲಿಲ್ಲ. ಭಿಕ್ಷುಕನಿಗೆ ರೊಟ್ಟಿ ಎಸೆದಂತೆ ಶಾಫ್ಟು ಎಸೆದ. ನಾಗಪ್ಪ ಅಲ್ಲೇ ಮರಕ್ಕೆ ಒರಗಿ ನಿಂತು ನೋಡುತ್ತಿದ್ದಾನೆ. ಕಳ್ಳತನ ಮಾಡಿದವರು ದಾನ ಕೊಟ್ಟವರಂತೆ ಮೆರೆಯುವುದೇ? ಸಾವಕಾರ ಎಲ್ಲರಿಗೂ ಕೇಳುವಂತೆ ಗಂಟಲು ಸರಿಮಾಡಿಕೊಂಡು ಸಾಹೇಬನ ಮುಂದೆ ಹೋಗಿ ನಿಂತ.

"ಶಾಫ್ಟ್ ಕೊಟ್ಟು ಬಾಯಿ ಮುಚ್ಚಸಬ್ಯಾಡ್ರಿ ಸಾಹೇಬ್ರ. ತ್ಯಾಪಿ ಹಚ್ಚಿದ ಮಾಲು ಕೊಟ್ಟೇವಿ, ತಪ್ಪಾತು ಅಂತ ಈ ಮಂದಿ ಮುಂದ ಹೇಳ್ರಿ ಮೊದಲ."

ಹೇಳಿದವನೇ ಕಿಸೆಯ ಗಂಟು ಬಿಚ್ಚಿ, ಆ ತುಂಡನ್ನು ಭಜಿಯ ತಟ್ಟೆಯ ಪಕ್ಕದಲ್ಲಿ ಟಕ್ಕೆಂದು ಇಟ್ಟ. ತುಂಡಿನ ಮೇಲೆ ಇನ್ನೂ ವಿಭೂತಿಯ ಬಿಳುಪಿತ್ತು.

ಸಾಹೇಬ ಅಂದು ಮೊದಲ ಸಲ ಕುರ್ಚಿ ಬಿಟ್ಟು ಎದ್ದ. ತುಂಡನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿ ನೋಡಿದ.

"ಇದನ್ನ ಯಾರ್ರೀ ತೆಗೆದಿದ್ದು?"

"ನಾನ ತಗಸೇನಿ. ಮುಂದ ನಿಂತು ಉಳಿ ಹೊಡಸೇನಿ. ನಮ್ಮ ಕಣ್ಣಿಗೆ ಮಣ್ಣು ಹಾಕೂದು ಅಷ್ಟು ಸಸಾರಲ್ಲ."

ಸಾಹೇಬ ನಕ್ಕ. ಸಿಟ್ಟಾಗಿದ್ದರೆ ಮಹಾಲಿಂಗಪ್ಪ ತಡೆದುಕೊಳ್ಳುತ್ತಿದ್ದ, ಅವನು ನಕ್ಕುಬಿಟ್ಟ. ಹೊಸ ಶಾಫ್ಟಿನ ಕಾಗದ ಹರಿದು ತೋರಿಸಿದ. ಅದರ ತುದಿಯಲ್ಲೂ ಅಂಥದೇ ಒಂದು ತುಂಡು ಅಂಟಿತ್ತು. ಆಮೇಲೆ, ಶಾಲೆಯ ಮಕ್ಕಳಿಗೆ ಹೇಳುವ ದನಿಯಲ್ಲಿ ವಿವರಿಸಿದ. ಶಾಫ್ಟು ಮಾಡುವಾಗ ಸುತ್ತಲೂ ಒಂದೇ ತೂಕ ಬರುವುದಿಲ್ಲ. ಹಾಗೆಯೇ ಬಿಟ್ಟರೆ ತಿರುಗುವಾಗ ನಡುಗುತ್ತದೆ. ಅದಕ್ಕೆ ಕಾರಖಾನೆಯಲ್ಲಿ ತಿರುಗಿಸಿ ನೋಡಿ, ಹಗುರಾದ ಕಡೆ ಈ ತುಂಡು ಹಚ್ಚಿ ತೂಕ ಸರಿಮಾಡುತ್ತಾರೆ.

ಹಾನಗಲ್ಲಿನವನು ರುಮಾಲು ಹಿಡಿದುಕೊಂಡು ತನ್ನ ಗಾಡಿಯ ಕೆಳಗೆ ಬಗ್ಗಿದ. ಹಿರೇಕೆರೂರಿನವನೂ ಬಗ್ಗಿದ. ನೋಡುತ್ತಿದ್ದಂತೆ ಸಾಲಿನಲ್ಲಿ ನಿಂತ ಗಾಡಿಗಳ ಕೆಳಗೆಲ್ಲ ಧೋತರ ಉಟ್ಟವರ ಬೆನ್ನುಗಳು ಕಂಡವು. ನಮ್ಮದಕ್ಕೂ ಐತಿ, ನಮ್ಮದಕ್ಕೂ ಐತಿ ಎಂಬ ಮಾತು ಗಾಡಿಯಿಂದ ಗಾಡಿಗೆ ಹೋಯಿತು. ಸಾವಕಾರ ಎಂದೂ ಲೆಕ್ಕಕ್ಕಿಡದ ದಡ್ಡರ ಗಾಡಿಗಳೆಲ್ಲ ನೆಟ್ಟಗಿದ್ದವು. ಮಹಾಲಿಂಗಪ್ಪನಿಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಜೀವನದಲ್ಲಿ ಮೊದಲ ಸಲ ಅವನಿಗೆ ನಾಚಿಕೆಯಾಯಿತು, ಅದು ನಾಚಿಕೆ ಎಂದು ತಿಳಿಯಲೂ ತುಸು ಹೊತ್ತು ಹಿಡಿಯಿತು.

ಉಳಿ ಬಿದ್ದ ಮಾಲಿಗೆ ಗ್ಯಾರಂಟಿ ಇಲ್ಲ ಎಂದು ಸಾಹೇಬ ಹೇಳಿದ. ಮೇಸ್ತ್ರಿ ಹೊಸ ಶಾಫ್ಟನ್ನು ಎತ್ತಿ ಮತ್ತೆ ವ್ಯಾನಿನಲ್ಲಿಟ್ಟ. ಹಾಗಾದರೆ ಈ ತುಂಡನ್ನೇ ಇದ್ದಲ್ಲಿಗೆ ತಿರುಗಿ ಬೆಸೆದು ಕೊಡಿ ಎಂದು ಮಹಾಲಿಂಗಪ್ಪ ಕೇಳಿದ. ದನಿ ಅವನದೇ ಎಂದು ಅವನಿಗೇ ನಂಬಿಕೆ ಬರಲಿಲ್ಲ. ಮೇಸ್ತ್ರಿ ಗಾಡಿಯ ಕೆಳಗೆ ನುಸುಳಿ, ಶಾಫ್ಟನ್ನು ಕೈಯಿಂದ ತಿರುವಿ ತಿರುವಿ ಹುಡುಕಿದ. ತುಂಡು ಎಲ್ಲಿತ್ತೆಂದು ತಿಳಿಯದೆ ಹಚ್ಚುವುದಾದರೂ ಎಲ್ಲಿ? ಗೋಣೆಪ್ಪ ಕೆಲಸಗಾರ, ಅಷ್ಟು ನುಣ್ಣಗೆ ಉಜ್ಜಿ ಬಣ್ಣ ಬಳಿದಿದ್ದ. ಗುರುತೇ ಸಿಗಲಿಲ್ಲ. ಸಾಹೇಬ ತುಂಡನ್ನು ಮಡಿಬಟ್ಟೆಯಲ್ಲಿ ಮೊದಲಿನಂತೆ ಕಟ್ಟಿ ಸಾವಕಾರನ ಕೈಗಿಟ್ಟು ಕಳಿಸಿದ.

ತಿರುಗಿ ಬರುವಾಗ ಗಾಡಿ ನಡುಗಿ ಸದ್ದು ಮಾಡಿದರೆ ಹಿಂದೆ ಕೂತ ನಾಗಪ್ಪನಿಗೆ ಕೇಳುತ್ತದೆ. ಮಹಾಲಿಂಗಪ್ಪ ಮುನಾಫನಿಗೆ ನಿಧಾನ ಹೋಗಲು ಹೇಳಿದ. ಇನ್ನೂ ನಿಧಾನ. ಗಾಡಿ ನಡೆಯುವ ಮನುಷ್ಯನ ವೇಗಕ್ಕೆ ಇಳಿದ ಮೇಲೆ ಸದ್ದು ನಿಂತಿತು. ಪೂಜೆಯ ದಿನ ನೀನು ಇನ್ನಷ್ಟು ಗಟ್ಟಿಯಾಗಿ ಹೇಳಬೇಕಿತ್ತು ಎಂದು ಅವನು ಮುನಾಫನ ಮೇಲೆ ಹಾಯ್ದ. ಮುನಾಫ ಉತ್ತರಿಸಲಿಲ್ಲ. ಈ ಸಲದ ಮೌನ ದಡ್ಡತನದ್ದಲ್ಲ ಎಂದು ಸಾವಕಾರನಿಗೂ ಗೊತ್ತಾಯಿತು.

ಶಿಗ್ಗಾವಿ ಹಿಂದೆ ಬಿದ್ದ ಮೇಲೆ ಗೆಜ್ಜೆಯ ಸದ್ದು ಕೇಳಿಸತೊಡಗಿತು. ಹತ್ತಿರ ಹತ್ತಿರ ಬಂತು. ಹಿಂದಿನಿಂದ ನಾಗಪ್ಪ ಗಾಡಿಯ ತಗಡನ್ನು ಬೆರಳಿನಿಂದ ಬಡಿದ.

"ಮುನಾಫ, ಒಂದೀಟು ಬಾಜೂಕ ತಗೋಪಾ. ನಮ್ಮ ಚಕ್ಕಡಿ ಬರಾಕತ್ತಾವು. ಬರಿದಾಗ್ಯಾವು, ಎತ್ತು ಮನೀ ಕಡೆ ಮಾರಿ ಮಾಡ್ಯಾವು, ನಿಲ್ಲಂಗಿಲ್ಲ ಅವು."

ಬ್ಯಾಡ ಎನ್ನಲು ಮಹಾಲಿಂಗಪ್ಪ ಬಾಯಿ ತೆಗೆದ. ಮುನಾಫ ಅವನ ಮುಖ ಕೂಡ ನೋಡದೆ ಪಿಕಪ್ಪನ್ನು ದಾರಿಯ ಅಂಚಿಗೆ ಇಳಿಸಿ ನಿಲ್ಲಿಸಿದ. ಚಕ್ಕಡಿಗಳು ಒಂದರ ಹಿಂದೊಂದು ಧೂಳೆಬ್ಬಿಸುತ್ತ ದಾಟಿದವು. ನಾಗಪ್ಪ ಕೆಳಗಿಳಿದು, ಧೋತರ ಝಾಡಿಸಿಕೊಂಡು, ಸಾವಕಾರ ಕೂತ ಬಾಗಿಲ ಬಳಿ ಬಂದ. ಅವನ ಮುಖದಲ್ಲಿ ನಗು ಇರಲಿಲ್ಲ. ಇದ್ದಿದ್ದರೆ ಮಹಾಲಿಂಗಪ್ಪ ಬೈಯಬಹುದಿತ್ತು.

"ನೀ ಸಾವಕಾಶ ಬಾ ಮಾಲಿಂಗಣ್ಣ," ಎಂದ ನಾಗಪ್ಪ, ಕೊನೆಯ ಚಕ್ಕಡಿಯ ಹಿಂದೆ ಹೆಜ್ಜೆ ಹಾಕುತ್ತ. "ನಾ ಮುಂದ ಹೋಗಿ ಮನ್ಯಾಗ ಹೇಳ್ತೇನಿ, ನೀ ಬರೂದು ತಡಾ ಆಕ್ಕೈತಿ ಅಂತ."