ಕೂಡಿ ಬಾಳುವ ಹಕ್ಕು

ಗಂಡ ಹಾಕಿದ ಕೇಸಿನಲ್ಲಿ, ಅವನ ಜೊತೆ ಕೂಡಿ ಬಾಳಬೇಕೆಂದು ಧಾರವಾಡದ ಕೋರ್ಟು ಸ್ಮಿತಾಳಿಗೆ ಆದೇಶ ಕೊಟ್ಟು ಬರುವ ಸೋಮವಾರಕ್ಕೆ ಒಂದು ವರ್ಷ. ಅಮೆರಿಕದ ಆಬರ್ನ್ ಹಿಲ್ಸ್‌ನಲ್ಲಿದ್ದ ಅವನ ಮನೆಗೆ ಅವಳು ಮರಳಿರಲಿಲ್ಲ. ಅಲ್ಲಿಂದ ಕಾರಿನಲ್ಲಿ ಐದು ತಾಸು ದೂರದ ಗ್ಲೆಂಡೇಲ್ ಹೈಟ್ಸ್‌ನಲ್ಲಿ ಪುಟ್ಟ ಟೌನ್‌ಹೌಸ್ ಬಾಡಿಗೆಗೆ ಹಿಡಿದು ಒಬ್ಬಳೇ ಇದ್ದಳು.

"ಇದು ನಮ್ಮ ಕಾನೂನೇ ಅಲ್ಲ ತಗೋ," ಧಾರವಾಡದ ಲಾಯರ್ ಇಂದುಮತಿ ಆಗ ಫೋನಿನಲ್ಲಿ ಹೇಳಿದ್ದಳು. "ಇಂಗ್ಲೆಂಡಿನ ಚರ್ಚ್ ಕೋರ್ಟಿಂದು. ಒಂದು ಕಾಲಕ್ಕ, ಹೋಗೂದಿಲ್ಲ ಅಂದ ಹೆಂಡ್ತೀನ್ನ ಜೇಲಿಗೂ ಹಾಕ್ತಿದ್ರು. ಅವ್ರು ಹತ್ತೊಂಬತ್ತನೂರಾ ಎಪ್ಪತ್ತರಾಗ ತೆಗೆದು ಒಗದ್ರು. ನಾವು ಇನ್ನೂ ಇಟ್ಕೊಂಡೀವಿ."

"ಸಾಹೇಬ್ರು ಬಿಟ್ಟು ಹೋದ ಅಂಗಿ," ಎಂದಿದ್ದಳು ಸ್ಮಿತಾ.

"ಹೂಂ. ಆದ್ರ ಅದಕ್ಕೊಂದು ಕಿಸೆ ಅದ. ವರ್ಷ ಪೂರ್ತಿ ಕೂಡಿ ಇರಲಿಲ್ಲ ಅಂದ್ರ ಅದರ ಮ್ಯಾಲೇ ನೀ ಡೈವೋರ್ಸ್ ಕೇಳಬಹುದು. ಮತ್ತ ಸಂಸಾರ ಹೂಡೀವಿ ಅಂತ ಅಂವ ತೋರಿಸಿದ್ನೋ, ಮುಗೀತು. ಒಂದು ರಾತ್ರಿನೂ ಒಳಗ ಬಿಟ್ಕೋಬ್ಯಾಡ."

ಶುಕ್ರವಾರ ಮಧ್ಯಾಹ್ನದಿಂದ ಹಿಮ ಸುರಿಯುತ್ತಿತ್ತು. ಸಂಜೆಗೂ ಮೊದಲೇ ಬೆಳಕು ಸತ್ತಿತ್ತು. ಬೆಲ್ ಆಯಿತು. ಬಾಗಿಲ ಕ್ಯಾಮೆರಾದಲ್ಲಿ ಗಂಡ ರಾಜಶೇಖರ, ಕೈಯಲ್ಲಿ ಸೂಟ್‌ಕೇಸ್.

"ಇಲ್ಲೇ ಎಲ್ಕ್ ಗ್ರೋವ್‌ನಾಗ ಮೀಟಿಂಗ್ ಇತ್ತು. ಹೈವೇ ಬಂದ್ ಆಗೇದ. ಸೋಫಾ ಸಾಕು, ಸ್ಮಿತಾ. ಬೆಳಿಗ್ಗೆ ಡ್ರೈವ್ ಮಾಡ್ಕೊಂಡು ಹೋಗ್ತೀನಿ."

ದನಿ ಮೃದುವಾಗಿತ್ತು. ಅವಳ ಪಾಸ್‌ಪೋರ್ಟನ್ನು ತನ್ನ ಕಪಾಟಿನೊಳಗಿಟ್ಟು ಬೀಗ ಹಾಕಿದ ದಿನವೂ ಹೀಗೇ ಇತ್ತು. ಆದರೂ ಬಾಗಿಲಿಗೆ ಬಂದವನು ಹಿಮದಲ್ಲಿ ನಿಂತಿದ್ದಾನೆಂಬ ನಾಚಿಕೆಗೆ ಅವಳ ಕೈ ಚಿಲಕದವರೆಗೂ ಹೋಯಿತು. ಹಿಂದಕ್ಕೆಳೆದುಕೊಂಡಳು.

"ಹೈವೇ ಎಕ್ಸಿಟ್ ಹತ್ರ ಹೋಟೆಲ್ ಅದ. ಅರ್ಧ ಮೈಲಿ."

"ಹೆಂಡ್ತಿ ಮನಿ ಇದ್ದೂ ಹೋಟೆಲ್ಲಾ?" ನಕ್ಕ. "ಆತು." ಸೂಟ್‌ಕೇಸನ್ನು ಹೊಸ್ತಿಲಿಗಿಟ್ಟು, ಮನೆಯ ನಂಬರಿನ ಸಮೇತ ಅದರ ಫೋಟೋ ತೆಗೆದು, ಕಾರಿನಲ್ಲಿ ಹೋಗಿ ಕುಳಿತ.

ಗಂಡನ ಬಟ್ಟೆಬರೆ, ಹೆಂಡತಿಯ ಬಾಗಿಲು. ಕೋರ್ಟಿಗೆ ಇನ್ನೇನು ಬೇಕು? ಅವಳು ಕೋಟು ಹಾಕಿಕೊಂಡು ಹೊರಬಂದು, ಎರಡೂ ಕೈಯಿಂದ ಅದನ್ನೆತ್ತಿ, ಹಿಮ ತುಳಿಯುತ್ತಾ ಕಾರಿನತ್ತ ನಡೆದಳು. ಹೆಡ್‌ಲೈಟು ಕಣ್ಣಿಗೆ ಹೊಡೆದು ಮುಂದಿನದೇನೂ ಕಾಣಲಿಲ್ಲ. ಬಂಪರಿನ ಮುಂದೆ ಸೂಟ್‌ಕೇಸ್ ಇಳಿಸಿ ಪಕ್ಕಕ್ಕೆ ಸರಿದಳು.

ಎಂಜಿನ್ ಓಡುತ್ತಿತ್ತು. ಒಳಗೆ ಯಾರೂ ಇರಲಿಲ್ಲ.

ತಿರುಗಿದಳು. ಅವಳು ತೆರೆದೇ ಬಿಟ್ಟು ಬಂದ ಬಾಗಿಲ ಹೊರಗೆ, ಒಂದರ ಪಕ್ಕ ಒಂದು, ಅವನ ಬೂಟುಗಳಿದ್ದವು.

"ಬಾ ಒಳಗ, ಥಂಡಿ ಭಾಳ ಅದ," ಎಂದಿತು ಅದೇ ಮೃದು ದನಿ. "ಚಹಾ ಇಡ್ತೀನಿ."

ಅವಳ ಫೋನು, ಕೀ ಎಲ್ಲವೂ ಆ ಮನೆಯೊಳಗಿದ್ದವು. ಹೋಟೆಲ್ಲು ಅರ್ಧ ಮೈಲಿ. ಸ್ಮಿತಾ ಕಾರಿನ ಬಾಗಿಲು ತೆಗೆದು ಕುಳಿತು ರಿವರ್ಸ್ ಹಾಕಿದಳು. ಸೀಟು ಇನ್ನೂ ಅವನ ಮೈಯ ಬಿಸಿಯಲ್ಲಿತ್ತು.