ಅತ್ತೆ ಒಯ್ದ ಮೀನಿನ ತೊಟ್ಟಿ

ಯಾರ ಮೇಲೆ ಹೆಚ್ಚು ಸಿಟ್ಟು ಎಂದು ಕೇಳಿದರೆ ಫೊರೂಗ್ ಇವತ್ತಿಗೂ ತಡವರಿಸುತ್ತಾಳೆ. ಗಂಡನ ಮೇಲೋ, ಗಂಡನ ಅಕ್ಕನ ಮೇಲೋ, ತನ್ನ ಹಾಳು ನಾಲಿಗೆಯ ಮೇಲೋ. ಮೂವರೂ ಸೇರಿ ಐದು ವರ್ಷದ ಮಗುವಿಗೆ ಕೈಕೊಟ್ಟರು, ಅಷ್ಟು ಮಾತ್ರ ಖರೆ.

ಕಾಶಾನಿನಲ್ಲಿ ಹೊಸ ವರ್ಷ ಬಂತೆಂದರೆ ಬೀದಿ ತುಂಬ ಕೆಂಪು ಮೀನು. ಹಬ್ಬದ ಮೇಜಿನ ಮೇಲೆ ಸೇಬು, ಬೆಳ್ಳುಳ್ಳಿ, ಗೋಧಿಯ ಮೊಳಕೆ, ಪಕ್ಕದಲ್ಲೊಂದು ಬೋಗುಣಿ, ಬೋಗುಣಿಯಲ್ಲೊಂದು ಮೀನು. ಹದಿಮೂರನೆಯ ದಿನ ಜನ ಬುತ್ತಿ ಕಟ್ಟಿಕೊಂಡು ತೋಟಕ್ಕೆ ಹೊರಡುವ ಹೊತ್ತಿಗೆ ಅರ್ಧಕ್ಕರ್ಧ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿರುತ್ತವೆ. ಹಿಂದಿನ ವರ್ಷ ಫೊರೂಗ್‌ಳ ಮಗಳು ಸಾಯೆಯ ಮೀನಿಗೂ ಅದೇ ಗತಿಯಾಯಿತು. ಅವಳಪ್ಪ ಬೆಹ್ಜಾದ್ ಅದನ್ನು ಕಕ್ಕಸಿಗೆ ಹಾಕಿ ನೀರು ಬಿಟ್ಟು, “ನಿನ್ನ ಮೀನು ಸಮುದ್ರಕ್ಕೆ ಹೋಯ್ತು ಪುಟ್ಟಿ” ಎಂದಿದ್ದ. ಫೊರೂಗ್ ಹೌದೌದೆಂದು ತಲೆಯಾಡಿಸಿದ್ದಳು. ಪಕ್ಕದ ಮನೆಯ ಹುಡುಗಿಯ ಬಾಯಿಂದ ನಿಜ ಗೊತ್ತಾದ ಮೇಲೆ ಸಾಯೆ ಎರಡು ದಿನ ಅಮ್ಮನ ಹತ್ತಿರ ಸುಳಿಯಲಿಲ್ಲ.

ಹಾಗಾಗಿ ಈ ಸಲ ಹಬ್ಬಕ್ಕೆ ಇನ್ನೂ ಎರಡು ವಾರವಿರುವಾಗಲೇ ಫೊರೂಗ್ ಒಂದು ಗಾಜಿನ ತೊಟ್ಟಿ ತಂದಳು. ದೊಡ್ಡದೇನಲ್ಲ, ಎರಡು ಕೈಯಲ್ಲಿ ತಬ್ಬಿ ಹಿಡಿಯುವಷ್ಟು. ಅಕ್ಕಿ ಬಸಿಯುವ ಜಾಲರಿಯಲ್ಲಿ ಅಮ್ಮ ಮಗಳು ಕೂತು ಸಣ್ಣ ಕಲ್ಲುಗಳನ್ನು ತೊಳೆದರು. ಮೊದಲು ಕೆಸರು, ಆಮೇಲೆ ಕಲಗಚ್ಚು, ಕೊನೆಗೆ ತಿಳಿನೀರು. ಸಾಯೆಯ ತೋಳು ಮೊಣಕೈವರೆಗೂ ಒದ್ದೆ. ನೀರು ತುಂಬಿಸಿ, ಗಿಡ ನೆಟ್ಟು, ನೀರು ಸೋಸುವ ಪುಟ್ಟ ಮೋಟಾರು ಕೂರಿಸಿದರು. ಮೀನು ಮಾತ್ರ ಇಲ್ಲ.

“ಮೀನೆಲ್ಲಮ್ಮಾ?”

“ಈಗಲೇ ಬಿಟ್ರೆ ಸಾಯತ್ತೆ. ನಲ್ಲಿ ನೀರಿಗೆ ಮೂಗಿನ ತುದೀಲಿ ಕೋಪ. ಅದು ತಣ್ಣಗಾಗ್ಬೇಕು.”

“ನಾನು ಅತ್ತಾಗ ತಣ್ಣಗಾಗ್ತೀನಲ್ಲ, ಹಂಗಾ?”

“ಹಂಗೇ. ನಿನಗಿಂತ ಸ್ವಲ್ಪ ಜಾಸ್ತಿ ಹೊತ್ತು ಬೇಕು.”

ಆ ಹುಡುಗಿ ಹತ್ತು ದಿನ ಕಾದಳು! ಐದು ವರ್ಷದ ಪೋರಿ, ಒಂದು ಬಿಸ್ಕತ್ತಿಗೆ ಐದು ನಿಮಿಷ ಕಾಯಲಾರದವಳು, ಬೆಳಗಾಗೆದ್ದು ಗಾಜಿಗೆ ಕಿವಿ ಹಚ್ಚಿ, “ಕೋಪ ಹೋಯ್ತಾ?” ಎಂದು ನೀರನ್ನೇ ಕೇಳುತ್ತಿದ್ದಳು. ಹನ್ನೊಂದನೆಯ ದಿನ ಮೀನು ಬಂತು. ಮೀನಿದ್ದ ಪ್ಲಾಸ್ಟಿಕ್ ಚೀಲವನ್ನು ಮೊದಲು ಹಾಗೆಯೇ ನೀರಿನಲ್ಲಿ ತೇಲಿಬಿಟ್ಟು, ಒಂದೊಂದೇ ಲೋಟ ಹೊಸ ನೀರು ಬೆರೆಸಿ, ಒಂದು ಗಂಟೆಯಾದ ಮೇಲೆ ಸಾಯೆಯೇ ತನ್ನ ಕೈಯಾರೆ ಚೀಲ ಬಗ್ಗಿಸಿದಳು. ಹೆಸರೂ ಅವಳೇ ಇಟ್ಟಳು, ಕೇಸರಿ ಎಂದು.

“ಇದು ಯಾರ್ದಮ್ಮಾ?”

“ನಿನ್ನದು. ನಿನ್ನೊಬ್ಬಳದು. ನಿನ್ನ ಕೇಳದೆ ಯಾರೂ ಮುಟ್ಟಲ್ಲ.”

“ಸಮುದ್ರಕ್ಕೆ ಹೋಗಲ್ಲ ತಾನೆ?”

ಫೊರೂಗ್ ಮಗಳನ್ನು ಹತ್ತಿರ ಎಳೆದುಕೊಂಡಳು. “ಎಲ್ಲೂ ಹೋಗಲ್ಲ ಚಿನ್ನ. ಇನ್ನು ನಾನು ನಿನಗೆ ಸುಳ್ಳು ಹೇಳಲ್ಲ” ಎಂದು ಮಾತು ಕೊಟ್ಟಳು.

ಹಬ್ಬದ ನಾಲ್ಕನೆಯ ದಿನ ಟೆಹರಾನಿನಿಂದ ಬೆಹ್ಜಾದನ ಅಕ್ಕ ಅಶ್ರಫ್ ಬಂದಳು. ಮನೆಗೆಲ್ಲ ಹಿರಿಯಳು. ಬೆಹ್ಜಾದನನ್ನು ಎತ್ತಿ ಆಡಿಸಿದವಳು. ಬಂದವಳೇ ಪಿಸ್ತಾ ಸುಲಿಯುತ್ತ ಮನೆಯಲ್ಲಿದ್ದುದನ್ನೆಲ್ಲ ಹೊಗಳಿದಳು. ಪರದೆಯನ್ನು, ಚಹಾದ ಲೋಟಗಳನ್ನು, ಕೊನೆಗೆ ತೊಟ್ಟಿಯನ್ನು.

“ಆಹಾ, ಏನು ಚಂದ! ನೋಡ್ತಾ ಕೂತ್ರೆ ಹೊತ್ತು ಹೋಗಿದ್ದೇ ಗೊತ್ತಾಗಲ್ಲ ಕಣೇ.”

ಹಿರಿಯರು ಒಂದನ್ನು ಹೊಗಳಿದರೆ ‘ನಿಮ್ಮದೇ, ಒಯ್ಯಿರಿ’ ಅನ್ನಬೇಕು. ಅವರು ಬೇಡ ಅನ್ನಬೇಕು. ಮೂರು ಸಲ ಹೀಗಾಗಿ ಚಹಾಕ್ಕೆ ತಿರುಗಬೇಕು. ಹುಟ್ಟಿದಾಗಿನಿಂದ ಕೇಳಿ ಬಂದ ಆಟ. ಫೊರೂಗ್‌ಳ ಬಾಯಿ ತಾನಾಗಿಯೇ ತೆರೆಯಿತು.

“ನಿಮ್ಮ ಮುಂದೆ ಇದೇನು ಮಹಾ ಅಕ್ಕ, ನಿಮ್ಮದೇ. ತಗೊಂಡ್ಹೋಗಿ.”

“ಅಯ್ಯಯ್ಯೋ, ಅದರ ಒಡತಿಗೇ ಇರಲಿ.”

“ನೀವು ಒಯ್ದರೆ ನಮಗೆ ಸಂತೋಷ.”

“ಬೇಡ ತಾಯಿ, ನೀನು ಹೇಳಿದ್ದೇ ನನಗೆ ಸಿಕ್ಕ ಹಾಗಾಯ್ತು.”

“ನಿಜವಾಗ್ಲೂ ಅಕ್ಕ.”

“ಛೆ ಛೆ, ಬೇಡಾಂದ್ರೆ ಬೇಡ.”

ಮೂರಾಯಿತು. ಆಟ ಮುಗಿಯಿತು. ಫೊರೂಗ್ ಸಕ್ಕರೆ ಬಟ್ಟಲಿಗೆ ಕೈ ಚಾಚಿದಳು. ಅಷ್ಟರಲ್ಲಿ ಅಡುಗೆಮನೆಯಿಂದ ಚಹಾದ ತಟ್ಟೆ ಹಿಡಿದು ಬಂದ ಬೆಹ್ಜಾದ್‌ನ ಕಿವಿಗೆ ಬಿದ್ದದ್ದು ಕೊನೆಯ ‘ಬೇಡ’ ಒಂದೇ. ಅಕ್ಕ ಸಂಕೋಚಪಡುತ್ತಿದ್ದಾಳೆಂದು ಕರಗಿಹೋದ ಮಹಾರಾಯ.

“ಏನಕ್ಕಾ ನೀನು, ಪರಕೀಯಳ ಥರ! ಸಾಯೆ ಮೇಲಾಣೆ, ನೀನು ತಗೊಂಡ್ಹೋಗ್ಲೇಬೇಕು!”

ಹಾಳಾದವನು! ಮಗುವಿನ ಮೇಲೆ ಆಣೆಯಿಟ್ಟು ಮಗುವಿನ ವಸ್ತುವನ್ನೇ ದಾನ ಮಾಡಿದ. ಅಶ್ರಫ್‌ಳ ಕೈಯಲ್ಲಿದ್ದ ಪಿಸ್ತಾ ಅಲ್ಲೇ ನಿಂತಿತು. ಅವಳು ತಮ್ಮನ ಮುಖ ನೋಡಿದಳು, ಫೊರೂಗ್‌ಳ ಮುಖ ನೋಡಿದಳು, ತೊಟ್ಟಿ ನೋಡಿದಳು.

“ಹಾಗಂತೀಯಾ? ಸರಿಯಪ್ಪ ಹಾಗಾದ್ರೆ. ನಿಮ್ಮ ಕೈ ನೋಯದಿರಲಿ” ಎಂದು, ಉಡುಗೊರೆ ಪಡೆದವರು ಹೇಳುವ ಮಾತು ಹೇಳಿದಳು.

ಸಾಯೆ ಬಂದು ಅಮ್ಮನ ಲಂಗ ಜಗ್ಗಿದಳು. “ಅಮ್ಮಾ, ಅದು ನಂದು ಅಂತ ಹೇಳು.”

ಒಂದೇ ಒಂದು ಮಾತು. ‘ಅಕ್ಕ, ಅದು ಮಗುವಿಂದು’ ಎಂದಿದ್ದರೆ ಆಗುತ್ತಿತ್ತು. ಆದರೆ ಹಿರಿಯಳ ಎದುರು ಕೊಟ್ಟದ್ದನ್ನು ಕಸಿದುಕೊಂಡರೆ ಗಂಡನ ಮಾನವೇನಾಗಬೇಕು, ನೆಂಟರು ಏನೆಂದಾರು? ಫೊರೂಗ್ ಮಗಳ ಕೈ ಬಿಡಿಸಿದಳು.

“ಶ್! ಅತ್ತೆ ಎದುರಿಗೆ ಹಾಗನ್ನಬಾರದು.”

ಸಾಯೆ ಅಳಲಿಲ್ಲ. ಅತ್ತಿದ್ದರೆ ಅಶ್ರಫ್ ಬಿಟ್ಟು ಹೋಗುತ್ತಿದ್ದಳೋ ಏನೋ. ಬೆಹ್ಜಾದ್ ನೀರನ್ನೆಲ್ಲ ಮೊಗೆದು ಅಂಗಳದ ದಾಳಿಂಬೆ ಗಿಡಕ್ಕೆ ಸುರಿದ. ಹತ್ತು ದಿನ ಕೋಪ ಇಳಿಸಿಕೊಂಡಿದ್ದ ನೀರು! ಕೇಸರಿ ಮೊಸರಿನ ಡಬ್ಬಿಯಲ್ಲಿ ಕೂತು ಅತ್ತೆಯ ಕಾರು ಹತ್ತಿತು. ಮಗು ಬಾಗಿಲಲ್ಲಿ ನಿಂತು ಕಾರನ್ನಲ್ಲ, ಅಮ್ಮನನ್ನು ನೋಡುತ್ತಿತ್ತು.

ಆ ರಾತ್ರಿಯಿಂದ ಫೊರೂಗ್ ಗಂಡನೊಡನೆ ಮಾತು ಬಿಟ್ಟಳು. ಅತ್ತಿಗೆಗೆ ಮನಸ್ಸಿನಲ್ಲೇ ಹಿಡಿಶಾಪ ಹಾಕಿದಳು. ‘ಅರುವತ್ತು ವರ್ಷದ ಹೆಂಗಸು, ಮಗುವಿನ ಬಾಯಿಂದ ತುತ್ತು ಕಸಿದಳಲ್ಲ, ಅವಳಿಗೇನು ರೀತಿನೀತಿ ಗೊತ್ತಿಲ್ಲವೆ?’ ಹಬ್ಬದ ದಿನಗಳು ಮುಗಿದ ಮೇಲೆ ಮಾನ ಮರ್ಯಾದೆ ಮೂಟೆ ಕಟ್ಟಿಟ್ಟು ಫೋನು ಮಾಡಿದಳು.

“ಅಕ್ಕ, ತಪ್ಪು ತಿಳೀಬೇಡಿ. ಆ ಮೀನು ಸಾಯೆದು. ವಾಪಸ್ ಬೇಕಿತ್ತು.”

“ಅದೆಲ್ಲಿದೆಯೇ? ಬಂದ ದಿನ ನಲ್ಲಿ ನೀರು ಹಾಕಿ ಬಿಟ್ಟೆ, ಬೆಳಗಾಗೋದ್ರಲ್ಲಿ ಸತ್ತು ಬಿದ್ದಿತ್ತು. ನಿಮಗೆ ಹೇಳೋಕೆ ಬಾಯಿ ಬರಲಿಲ್ಲ.”

“ಹಾಗಾದ್ರೆ ಯಾಕೆ ಒಯ್ದಿರಿ?” ಫೊರೂಗ್ ಚೀರಿಯೇಬಿಟ್ಟಳು.

“ಯಾಕೆ ಒಯ್ದೆನಾ? ನನಗೆ ಮೀನು ಬೇಕಿತ್ತೇನೇ? ಮೂರು ಸಲ ಬೇಡ ಅಂದೆ. ನಿನ್ನ ಗಂಡ ಮಗೂ ಮೇಲೆ ಆಣೆ ಹಾಕಿದ. ಅದನ್ನ ಮೀರಿ ಬಿಟ್ಟುಬಂದು ನಾಳೆ ಮಗೂಗೆ ಏನಾದ್ರೂ ಆದ್ರೆ? ನಿನ್ನ ಮುಖ ನೋಡಿದೆ, ‘ಬೇಡ ಅಕ್ಕ’ ಅಂತ ನೀನೊಂದು ಮಾತು ಆಡ್ತೀಯೇನೋ ಅಂತ. ನೀನು ಮಗೂನೇ ಸುಮ್ಮನಿರಿಸಿದೆ!”

ಫೊರೂಗ್ ಫೋನಿಟ್ಟಳು. ಬೈಯಲು ಇನ್ನು ಯಾರೂ ಉಳಿದಿರಲಿಲ್ಲ. ಕೊಡಲು ಮನಸ್ಸಿಲ್ಲದ ವಸ್ತುವನ್ನು ಬೇಡದವಳಿಗೆ ಹೊರಿಸಿದ್ದಾಯಿತು. ಬೇಕಾಗಿದ್ದವಳೊಬ್ಬಳೇ ಆ ಕೋಣೆಯಲ್ಲಿ ಬಾಯಿಬಿಟ್ಟು ಕೇಳಿದ್ದಳು.

ಮಾರನೆಯ ದಿನ ಮಗಳನ್ನು ಕೂರಿಸಿಕೊಂಡು, ಕೇಸರಿ ಸತ್ತಿತೆಂದು ಹೇಳಿದಳು. ಸಮುದ್ರದ ಮಾತೆತ್ತಲಿಲ್ಲ. ಸಾಯೆ ತಲೆಯಾಡಿಸಿ ಎದ್ದುಹೋದಳು. ಫೊರೂಗ್ ಮತ್ತೊಂದು ತೊಟ್ಟಿ ತಂದಳು. ಒಬ್ಬಳೇ ಕಲ್ಲು ತೊಳೆದಳು. ಒಬ್ಬಳೇ ಹತ್ತು ದಿನ ಕಾದಳು. ಮೀನಿನ ಚೀಲ ಹಿಡಿದು ಮಗಳ ಮುಂದೆ ಮೊಣಕಾಲೂರಿದಳು.

“ನೋಡು ಚಿನ್ನ, ಇದು ನಿನ್ನದು. ನೀನೇ ಬಿಡು ಬಾ.”

ಸಾಯೆ ಬೊಂಬೆಯನ್ನು ಪಕ್ಕಕ್ಕಿಟ್ಟಳು. ದೊಡ್ಡವರ ಹಾಗೆ ಎದೆಯ ಮೇಲೆ ಕೈಯಿಟ್ಟುಕೊಂಡು ನಕ್ಕಳು. ಅಮ್ಮನನ್ನು ಹುಟ್ಟಿದಾಗಿನಿಂದ ‘ನೀನು’ ಎಂದೇ ಕರೆದ ಹುಡುಗಿ.

“ಅಯ್ಯೋ ಬೇಡ, ನಿಮಗೇ ಇರಲಿ.”

“ನಿನಗೇ ತಂದಿದ್ದು ಪುಟ್ಟಿ.”

“ಬೇಡ, ನೀವು ಹೇಳಿದ್ದೇ ನನಗೆ ಸಿಕ್ಕ ಹಾಗಾಯ್ತು.”

“ನಿಜವಾಗ್ಲೂ ಸಾಯೆ. ನಿಜವಾಗ್ಲೂ ನಿನ್ನದು ಕಣೇ.” ಫೊರೂಗ್ ಅಳುತ್ತಿದ್ದಳು.

“ನಿಮ್ಮ ಕೈ ನೋಯದಿರಲಿ” ಎಂದು ಸಾಯೆ ಚೀಲ ಮುಟ್ಟದೆ ಬೊಂಬೆಯನ್ನೆತ್ತಿಕೊಂಡು ಒಳಗೆ ಹೋದಳು.